ಕೊನೆಯ ಬೆಂಚಿನ ಪಾಲಕ

ಅವರು ಆ ಮಾತನ್ನು ಒಂದೇ ಸಲ ಹೇಳಿದ್ದರು ಎಂದು ಬಹಳ ವರ್ಷ ನಂಬಿದ್ದೆ. ನನ್ನ ನೆನಪು ನನಗೆ ಅನುಕೂಲವಾದದ್ದನ್ನಷ್ಟೇ ಉಳಿಸಿಕೊಂಡಿರಲೂಬಹುದು.

ಆಗ ನಾನು ಸಂಡೂರಿನ ಒಂದು ಶಾಲೆಯಲ್ಲಿ ಒಂಬತ್ತನೇ ತರಗತಿಯ ಮೇಷ್ಟ್ರು. ಅವರು ಯಶವಂತನಗರದ ಕಡೆಯ ಅದಿರು ಲಾರಿ ಡ್ರೈವರ್. ಪಾಲಕರ ಸಭೆಗೆ ಬಂದವರೆಲ್ಲ ನೇರವಾಗಿ ನನ್ನ ಮೇಜಿಗೆ ಬಂದು ಮಕ್ಕಳ ಅಂಕ ಕೇಳುತ್ತಿದ್ದರು. ಇವರು ಮಾತ್ರ ಕೆಂಪು ಧೂಳು ಮೆತ್ತಿದ ಚಪ್ಪಲಿಯನ್ನು ಹೊರಗೆ ಬಿಟ್ಟು, ಕೊನೆಯ ಬೆಂಚಿಗೆ ಹೋಗಿ ಮಗಳ ಜಾಗದಲ್ಲಿ ಕೂರುತ್ತಿದ್ದರು.

“ಮಾರ್ಕ್ಸ್ ಆಮ್ಯಾಲ ಹೇಳೀರಂತ್ರಿ ಸರ,” ಎನ್ನುತ್ತಿದ್ದರು ಪ್ರತಿ ಸಲವೂ.

ಒಮ್ಮೆ ನನ್ನಿಂದಲೇ ಬೋರ್ಡಿನ ಮೇಲೆ ಒಂದು ಸಾಲು ಬರೆಸಿ, ಕೂತಲ್ಲಿಂದಲೇ ಓದಿದರು. “ನನಗ ಕಾಣ್ತೈತ್ರಿ. ಆಕಿಗೆ ಚಸ್ಮಾ ಹಾಕ್ಕೊಂಡ್ರೂ ಕಾಣವಲ್ದು. ಮುಂದ ಕುಂದ್ರಸ್ರಿ.”

ಮುಂದಿನ ಬೆಂಚುಗಳನ್ನು ಶಾಲೆಗೆ ಕೊಡಿಸಿದವರು ಗಣಿ ಗುತ್ತಿಗೆದಾರರು. ಅಲ್ಲಿ ಅವರ ಮಕ್ಕಳೇ ಕೂರುವುದು ಯಾರೂ ಬರೆದಿಡದ ನಿಯಮವಾಗಿತ್ತು. ಅಂಥವರೊಬ್ಬರು ಅಲ್ಲೇ ಇದ್ದರು. “ಲಾರಿ ಬಿಟ್ಟು ಸಾಲಿ ನಡಸಾಕ ಬಂದೀಯೇನಲೇ?” ಎಂದು ನಕ್ಕರು. ನಾನೂ ನಕ್ಕೆನೇನೋ. ಡ್ರೈವರ್ ಅತ್ತ ತಿರುಗಲಿಲ್ಲ, ನನ್ನನ್ನೇ ನೋಡುತ್ತಿದ್ದರು.

“ನೋಡೋಣ,” ಎಂದೆ.

ಆ ಹುಡುಗಿ ಅದೇ ವರ್ಷ ಫೇಲಾಗಿ ಶಾಲೆ ಬಿಟ್ಟಳು.

ಈಚೆಗೆ ಆ ಶಾಲೆಗೆ ಹೋದಾಗ ಹಳೆಯ ಸಭಾ ಪುಸ್ತಕ ತೆಗೆಸಿ ನೋಡಿದೆ. ‘ಪಾಲಕರ ಅಭಿಪ್ರಾಯ’ ಎಂಬಲ್ಲಿ ಆ ವರ್ಷದ ನಾಲ್ಕೂ ಸಭೆಗಳಲ್ಲಿ ಅವರ ಕೈಬರಹವಿತ್ತು: ‘ಮಗಳಿಗೆ ಬೋರ್ಡು ಕಾಣುವುದಿಲ್ಲ. ಮುಂದೆ ಕೂಡಿಸಿರಿ.’ ನಾಲ್ಕರ ಕೆಳಗೂ ನನ್ನ ಸಹಿ ಇತ್ತು.