ನನ್ನ ಹೆಸರಿನ ಬ್ರ್ಯಾಂಚು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ನಗುತ್ತಿದ್ದವಳು. ಕಂಪ್ಯೂಟರ್ ಕೆಲಸ ಮಾಡುವವಳಿಗೆ, ಕಾರಣವಿಲ್ಲದೆ ಏನೂ ನಡೆಯುವುದಿಲ್ಲ ಎಂಬ ನಂಬಿಕೆ. ಮೂರು ವರ್ಷದ ಹಿಂದಿನ ಒಂದು ಮಧ್ಯಾಹ್ನದ ನಂತರ ನಗುವುದನ್ನು ಬಿಟ್ಟಿದ್ದೇನೆ.

ಯಾದಗಿರಿಯಲ್ಲಿ ನಾನು, ಮೆಹಬೂಬ್ ಭಾಯಿ ಇಬ್ಬರೇ ಇರುವ ಸಣ್ಣ ಆಫೀಸು. ಸುರಪುರದ ಒಂದು ಮಕ್ಕಳ ಆಸ್ಪತ್ರೆಗೆ, ವಯಸ್ಸು ಹಾಕಿದರೆ ಔಷಧದ ಪ್ರಮಾಣ ತೋರಿಸುವ ಪ್ರೋಗ್ರಾಂ ಬರೆದಿದ್ದೆವು. ಮರುದಿನ ಒಪ್ಪಿಸಬೇಕು. ಹೆರಿಗೆ ರಜೆ ಮುಗಿಸಿ ಬಂದು ವಾರವಾಗಿದ್ದ ನಾನು ಹಳೆಯ ಬ್ರ್ಯಾಂಚುಗಳನ್ನು, ಅಂದರೆ ಮೂಲ ಕೆಡದಂತೆ ಪಕ್ಕಕ್ಕಿಟ್ಟು ತಿದ್ದಿದ ಪ್ರತಿಗಳನ್ನು, ಅಳಿಸಲು ಕುಳಿತೆ.

ಒಂದೊಂದಾಗಿ ಹೋದವು. ಒಂದು ಮಾತ್ರ ಹೋಗಲಿಲ್ಲ. ಇದರಲ್ಲಿರುವುದು ಮೂಲಕ್ಕೆ ಸೇರಿಲ್ಲವೆಂದು ಪರದೆ ತಡೆಯಿತು. ಬರೆದವರ ಜಾಗದಲ್ಲಿ ನನ್ನ ಹೆಸರು. ದಿನಾಂಕ, ಸಮಯ ಎರಡನ್ನೂ ಮತ್ತೊಮ್ಮೆ ಓದಿದೆ. ಅದು ನನ್ನ ಮಗಳು ಹುಟ್ಟಿದ ದಿನ. ಆಪರೇಷನ್ ಆಗಿ, ನಾನು ಪ್ರಜ್ಞೆಯಿಲ್ಲದೆ ಮಲಗಿದ್ದ ಹೊತ್ತು.

“ಭಾಯಿ, ನೀವೇನರ ನನ್ನ ಹೆಸರಿನ್ಯಾಗ ಬರದಿದ್ರೇನ್ರಿ?”

“ನಿನ್ನ ಪಾಸ್‌ವರ್ಡ್ ನನಗೆಲ್ಲಿ ಗೊತ್ತೈತಿ ತಂಗಿ? ಲ್ಯಾಪ್‌ಟಾಪ್ ಇಲ್ಲೇ ಅಲಮಾರಿನ್ಯಾಗ ಇತ್ತು. ಚಾವಿ ನೀನೇ ಒಯ್ದಿದ್ದಿ.” ಅವರು ಬಂದು ನನ್ನ ಹಿಂದೆ ನಿಂತರು. “ಹಳೇದೈತಿ, ಅಳಿಸಿಬಿಡು.”

ಅಳಿಸುವ ಮೊದಲು ತೆರೆದೆ. ಬದಲಾಗಿದ್ದುದು ಒಂದೇ ಸಾಲು. ಕೂಸಿನ ವಯಸ್ಸನ್ನು ತಿಂಗಳಲ್ಲಿ ಹಾಕಿದರೆ ಅದನ್ನು ತಿಂಗಳೆಂದೇ ಓದಬೇಕು ಎಂಬ ಸಾಲು. ಅನುಮಾನ ಬಂದು, ಮರುದಿನ ಕೊಡಬೇಕಿದ್ದ ಪ್ರೋಗ್ರಾಂನಲ್ಲಿ ಎಂಟು ತಿಂಗಳು ಎಂದು ಹಾಕಿ ನೋಡಿದೆವು. ಎಂಟು ವರ್ಷದವರಿಗೆ ಕೊಡುವಷ್ಟು ಔಷಧ ತೋರಿಸಿತು.

“ಯಾ ಅಲ್ಲಾ” ಎಂದು ಮೆಹಬೂಬ್ ಭಾಯಿ ಕುರ್ಚಿ ಎಳೆದು ನನ್ನ ಪಕ್ಕ ಕುಳಿತರು.

ಆ ಸಾಲನ್ನು ಮೂಲಕ್ಕೆ ಸೇರಿಸಿ, ಹತ್ತಾರು ಸಲ ಪರೀಕ್ಷಿಸಿ, ಸುರಪುರಕ್ಕೆ ಒಪ್ಪಿಸಿದೆವು. ಲ್ಯಾಪ್‌ಟಾಪಿನ ಗಡಿಯಾರ ತಪ್ಪಿರಬಹುದೆಂದು, ನಮ್ಮ ಕೆಲಸವೆಲ್ಲ ಹೋಗಿ ಸೇರುವ ಸರ್ವರಿನ ದಾಖಲೆಯನ್ನೂ ತೆಗೆಸಿದೆ. ಅಲ್ಲೂ ಅದೇ ದಿನ, ಅದೇ ಹೊತ್ತು.

ಸಗರದಲ್ಲಿರುವ ಅವ್ವನಿಗೆ ನಾನಿದನ್ನು ಹೇಳಿರಲಿಲ್ಲ. ದೀಪಾವಳಿಗೆ ಹೋದಾಗ ಮಗಳನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ಹಚ್ಚುತ್ತ ಅವಳೇ ತಾನಾಗಿ ಅಂದಳು:

“ಇಕಿ ಹುಟ್ಟಿದ ದಿನ ನಿನ್ನ ಹೊರಗ ತಂದಾಗ ನಿನಗ ಖಬರೇ ಇದ್ದಿಲ್ಲ. ಆದ್ರ ಬೆರಳು ಸುಮ್ನ ಇದ್ದಿಲ್ಲ ನೋಡು. ಹಾಸಿಗಿ ಮ್ಯಾಲ ಟಪಟಪ ಬಡ್ಯಾಕತ್ತಿದ್ವು. ನಾ ಹಿಡ್ಕೊಂಡ್ರೂ ಬಿಡಿಸ್ಕೊಂಡಿ. ಏನು ಮಾಡಾಕತ್ತಿದ್ದಿ ಆವಾಗ?”

ನಾನು ನನ್ನ ಬೆರಳುಗಳನ್ನು ನೋಡಿಕೊಂಡೆ.