ಡ್ರೈವರ್ ಚನ್ನಕೇಶವನ ಮನೆಗಾಡಿ

ಹಳೇ ಕೆಂಗೇರಿಯಲ್ಲಿ ಚನ್ನಕೇಶವನ ಗಾಡಿ ಹತ್ತದ ಮನೆ ಹುಡುಕಿದರೂ ಸಿಗುವುದು ಕಷ್ಟ. ಹೆಣ್ಣು ನೋಡಲು ಹೋದವರು, ಮಗುವಿನ ಮುಡಿ ತೆಗೆಸಲು ಹೋದವರು, ಅಸ್ಥಿ ಬಿಡಲು ಶ್ರೀರಂಗಪಟ್ಟಣಕ್ಕೆ ಹೋದವರು, ಎಲ್ಲರೂ ಅವನ ಟೆಂಪೋ ಟ್ರಾವೆಲರಿನಲ್ಲಿ ಕೂತು ಬಂದವರೇ. ಅವನು ಸ್ಟೇರಿಂಗ್ ಹಿಡಿದರೆ ಒಳಗೆ ಲೋಟದ ನೀರು ತುಳುಕುವುದಿಲ್ಲ, ಬಾಯಿ ಬಿಟ್ಟರೆ ಒಳಗಿದ್ದವರ ಜೀವ ತುಳುಕುತ್ತದೆ. ಇದು ಕೆಂಗೇರಿಯವರೇ ಅವನ ಬಗ್ಗೆ ಹೇಳುವ ಮಾತು.

"ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ಹತ್ತಿ. ಕುರುಕಲು ತಿಂದು ಸೀಟಿನ ಸಂದಿಗೆ ತುರುಕಬೇಡಿ. ವಾಂತಿ ಬರೋ ಹಂಗಿದ್ರೆ ಬರೋಕೆ ಮುಂಚೆ ಹೇಳಿ, ಬಂದ್ಮೇಲೆ ಹೇಳೋದೇನೂ ಇರಲ್ಲ."

ಹೊರಡುವಾಗ ಮೂರು ಸಲ ಹಾರನ್ ಹೊಡೆಯುತ್ತಿದ್ದ. ಮೂರನೆಯದು ಮುಗಿಯುವಷ್ಟರಲ್ಲಿ ಗೇರು ಬಿದ್ದಿರುತ್ತಿತ್ತು. ಮದುಮಗನೊಬ್ಬ ಒಂದು ಕಾಲಿಗೆ ಬೂಟು, ಇನ್ನೊಂದು ಕಾಲಿಗೆ ಬರೀ ಸಾಕ್ಸು ಹಾಕಿಕೊಂಡು ಓಡಿ ಬಂದದ್ದೂ ಉಂಟು. ಆದರೂ ಜನ ಇವನನ್ನೇ ಕರೆಯುತ್ತಿದ್ದರು. ಘಾಟಿಯಲ್ಲಿ ಮಂಜು ಮುಸುಕಿದಾಗ ಹಿಂದೆ ನೆಮ್ಮದಿಯಾಗಿ ನಿದ್ದೆ ಮಾಡಬೇಕಾದರೆ ಮುಂದೆ ಚನ್ನಕೇಶವ ಇರಬೇಕು.

ಗಾಡಿ ಹತ್ತಿದವರನ್ನು ಅವನು ಪಾರ್ಟಿ ಅನ್ನುತ್ತಿದ್ದ. ಪಾರ್ಟಿಯವರು ಲಾಡ್ಜಿನಲ್ಲಿ ಮಲಗಿದರೆ ಡ್ರೈವರು ಸೀಟಿನಲ್ಲಿ ಕಾಲು ಮಡಚಿ ಮಲಗಬೇಕು. ಪಾರ್ಟಿಯವರು ಹೋಟೆಲಿನ ಫ್ಯಾನಿನ ಕೆಳಗೆ ಕೂತರೆ ಡ್ರೈವರಿಗೆ ಅಡುಗೆಮನೆ ಪಕ್ಕದ ಟೇಬಲ್ಲು. ಅವರು ದೇವಸ್ಥಾನದ ಮುಂದೆ ನಿಂತು "ಡ್ರೈವರಣ್ಣ, ಒಂದು ಫೋಟೋ" ಅಂತ ಫೋನು ಕೈಗೆ ಕೊಟ್ಟರೆ ಇವನು ತೆಗೆದುಕೊಡುತ್ತಿದ್ದ. ಇವನ ಬೆನ್ನಿಗೂ ಪಾರ್ಟಿಗೂ ನಡುವೆ ಒಂದು ಹಲಗೆ ಗೋಡೆ, ಅದರಲ್ಲಿ ಅಂಗೈ ಅಗಲದ ಗಾಜಿನ ಕಿಟಕಿ. ಏನಾದರೂ ಬೇಕಿದ್ದರೆ ಅವರು ಅದನ್ನು ತಟ್ಟುತ್ತಿದ್ದರು. ಈ ಕಸುಬಿನಲ್ಲಿ ಎಲ್ಲ ಗಾಡಿಗಳೂ ಹಾಗೇ, ಎಲ್ಲ ಡ್ರೈವರುಗಳೂ ಹಾಗೇ. ಅದರಲ್ಲಿ ಬೇಸರ ಪಡುವಂಥದ್ದು ಏನೂ ಅವನಿಗೆ ಕಾಣಲಿಲ್ಲ.

ಸ್ವಂತ ಸಂಸಾರವನ್ನು ಮಾತ್ರ ಅವನು ಎಲ್ಲಿಗೂ ಕರೆದುಕೊಂಡು ಹೋಗಲಿಲ್ಲ. ಬೇಸಿಗೆ ರಜೆ, ದಸರಾ, ವರ್ಷದ ಕೊನೆ, ಊರೆಲ್ಲ ಪ್ರವಾಸ ಹೊರಡುವ ಕಾಲವೇ ಅವನ ಬಾಡಿಗೆಯ ಕಾಲ. ಹೆಂಡತಿ ವಿಮಲ ಬಾಗಿಲಲ್ಲಿ ನಿಂತು ಗಾಡಿಯ ಹಿಂಭಾಗ ನೋಡಿದ್ದೇ ಹೆಚ್ಚು.

ಮಗಳು ಅನು ಹೈಸ್ಕೂಲಿನಲ್ಲಿದ್ದಾಗ ಒಂದು ಭಾನುವಾರ ಫೋನಿನಲ್ಲಿ ಏನೋ ತೋರಿಸಿದ್ದಳು. ಅಮೆರಿಕದ ಯಾವುದೋ ಮರಳುಗಾಡು. ಕೆಂಪು ಬಂಡೆ ಸೀಳಿಕೊಂಡು ಪಾತಾಳಕ್ಕೆ ಇಳಿದ ಕಂದರ, ಅದರ ಅಂಚಿನಲ್ಲಿ ಬಸ್ಸಿನಂಥ ಒಂದು ಮನೆ. ಒಳಗೆ ಒಲೆ, ಹಾಸಿಗೆ, ಪರದೆ. ಗಂಡ ಓಡಿಸುತ್ತಿದ್ದರೆ ಹೆಂಡತಿ ಹಿಂದಿನಿಂದ ನಡೆದು ಬಂದು ಅವನ ಕೈಗೆ ಕಾಫಿ ಕೊಟ್ಟಳು.

"ಅಪ್ಪ, ಇಂಥದ್ರಲ್ಲಿ ಒಂದ್ಸಲ ಹೋಗ್ಬೇಕು ಕಣಪ್ಪ, ನಾವೆಲ್ಲ," ಅಂದಿದ್ದಳು ಅನು.

"ಅಂಥ ಕಂದರ ನೋಡೋಕೆ ಅಮೆರಿಕ ಯಾಕೆ? ಗಂಡಿಕೋಟ ಇಲ್ವಾ, ಕಡಪ ಕಡೆ? ಎಷ್ಟು ಪಾರ್ಟಿ ಇಳಿಸಿ ಬಂದಿದೀನಿ."

"ನಮ್ಮನ್ನ ಇಳಿಸಿಲ್ವಲ್ಲ."

ಅವಳು ನಗುತ್ತಾ ಹೇಳಿದ್ದಳು. ಅವನಿಗೆ ಅದು ಮುಳ್ಳಿನ ಹಾಗೆ ಒಳಗೇ ಉಳಿಯಿತು.

ಅನು ಈಗ ರಾಜರಾಜೇಶ್ವರಿನಗರದ ಕಣ್ಣಿನ ಕ್ಲಿನಿಕ್ಕೊಂದರಲ್ಲಿ ಕೌಂಟರಿನಲ್ಲಿ ಕೂರುತ್ತಾಳೆ. ಕಾರ್ತೀಕದಲ್ಲಿ ಅವಳ ಮದುವೆ, ಗಂಡಿನ ಕಡೆಯವರು ತುಮಕೂರಿನವರು. ಈ ದಸರಾ ಕಳೆದರೆ ಅವಳು ಇನ್ನೊಂದು ಮನೆಯ ಹುಡುಗಿ. ಬಾಡಿಗೆಗೆ ಓಡಿ ಸುಸ್ತಾಗಿದ್ದ ಹಳೇ ಗಾಡಿಯನ್ನು ಮಾರಿಬಿಡಿ ಅಂತ ಎಲ್ಲರೂ ಹೇಳುತ್ತಿದ್ದ ಹೊತ್ತಿನಲ್ಲೇ ಚನ್ನಕೇಶವ ಅದರ ಕಾಗದಪತ್ರ ಬದಲಾಯಿಸಿ, ಹಳದಿ ಬೋರ್ಡು ಕಿತ್ತು ಬಿಳಿ ಬೋರ್ಡು ಹಾಕಿಸಿದ. ಮನೆ ಹಿಂದಿನ ಖಾಲಿ ಸೈಟಿನಲ್ಲಿ ನಿಲ್ಲಿಸಿ, ಮುನಿವೆಂಕಟಪ್ಪ ಅನ್ನುವ ಬಡಗಿಯನ್ನು ಕರೆತಂದು, ಸೀಟುಗಳನ್ನೆಲ್ಲ ಬಿಚ್ಚಿಸಿದ.

ಗಾಡಿಯಲ್ಲಿ ಮನೆ ಎದ್ದಿತು. ಮುಂಬದಿಯ ಒಂದು ಮೂಲೆಗೆ ಗ್ಯಾಸ್ ಒಲೆ, ಕೈ ತೊಳೆಯಲು ಪುಟ್ಟ ಸಿಂಕು, ಅಡಿಯಲ್ಲಿ ನೀರಿನ ಡ್ರಮ್ಮು. ವಿಮಲಳಿಗೆ ಮಂಡಿ ನೋವು, ಅವಳ ಹಾಸಿಗೆ ತಗ್ಗಿನಲ್ಲಿ. ಗೋವಿಂದರಾಜನಗರದಲ್ಲಿರುವ ತಮ್ಮ ಮೋಹನ್ ಕುಮಾರನಿಗೂ ಅವನ ಹೆಂಡತಿ ಲತಾಳಿಗೂ ಹಿಂಬದಿಯಲ್ಲಿ ಅಗಲವಾದದ್ದು, ಸುತ್ತ ಪರದೆ. ಅನುವಿಗೆ ಕಿಟಕಿ ಪಕ್ಕ. ಮನೆಯಲ್ಲಿ ಅವಳು ಮಲಗುವ ಮಂಚಕ್ಕೆ ಹಗ್ಗ ಹಿಡಿದು ಅಳೆದು, ಅದೇ ಉದ್ದಕ್ಕೆ ಹಲಗೆ ಕೊಯ್ಯಿಸಿದ. ಮೊಳೆ ಎದ್ದು ನಿಂತಿದೆ ಅಂತ ಮುನಿವೆಂಕಟಪ್ಪನ ಮೇಲೆ ಕೂಗಾಡಿದ, ಅವನು ಎರಡು ದಿನ ಬರಲಿಲ್ಲ, ಮತ್ತೆ ತಾನೇ ಹೋಗಿ ಬೀಡಿ ಕೊಟ್ಟು ಕರೆದುಕೊಂಡು ಬಂದ.

ಆಯುಧ ಪೂಜೆಯ ದಿನ ಎಲ್ಲರೂ ಸೇರಿದರು. ಗಾಡಿಗೆ ಬಾಳೆಕಂಬ ಕಟ್ಟಿ, ಸೇವಂತಿಗೆ ಹಾರ ಹಾಕಿ, ಕುಂಬಳಕಾಯಿ ಒಡೆದರು. ಮಾರನೇ ದಿನ ವಿಜಯದಶಮಿ, ಬೆಳಿಗ್ಗೆ ಹೊರಡುವುದು ಅಂತ ಮಾತು. ಊಟವಾದ ಮೇಲೆ ಪುರಿ ಕಡಲೆ ಮೆಲ್ಲುತ್ತಾ ಒಬ್ಬೊಬ್ಬರೇ ಒಳಗೆ ಹತ್ತಿ ಕೂತರು. ಲತಾ ಪರದೆ ಎಳೆದು ನೋಡಿದಳು. ವಿಮಲ ಸಿಂಕಿನ ನಲ್ಲಿ ತಿರುಗಿಸಿ, ನೀರು ಬಂದದ್ದು ಕಂಡು, ಯಾರಿಗೂ ಕಾಣದ ಹಾಗೆ ನಕ್ಕಳು. ಅವಳು ನಕ್ಕದ್ದನ್ನು ಚನ್ನಕೇಶವ ನೋಡಿದ. ಅಷ್ಟು ಸಾಕಾಗಿತ್ತು, ಅವನು ಅಲ್ಲಿಗೆ ಸುಮ್ಮನಿದ್ದಿದ್ದರೆ.

"ಎಲ್ರೂ ಕೇಳಿಸ್ಕೊಳ್ಳಿ," ಅಂದ. "ಬೆಳಿಗ್ಗೆ ಮೂರು ಹಾರನ್. ಆಮೇಲೆ ನಿಲ್ಲಲ್ಲ. ಚಪ್ಪಲಿ ಆಚೆ. ಕಂಡ ಕಂಡಲ್ಲಿ ಇಳಿಸು ಅನ್ನಂಗಿಲ್ಲ. ಬಾಗೇಪಲ್ಲೀಲಿ ತಿಂಡಿ, ಕದಿರೀಲಿ ಊಟ, ಸಂಜೆಗೆ ಗಂಡಿಕೋಟ."

"ಬಾವ, ದಾರೀಲಿ ಲೇಪಾಕ್ಷಿ ಸಿಗುತ್ತಂತೆ," ಅಂದಳು ಲತಾ.

"ದಾರೀಲಿ ಸಿಗಲ್ಲ. ಒಳಗೆ ಹೋಗ್ಬೇಕು. ಟೈಮಿಲ್ಲ."

"ಯಾರ ಟೈಮು ಅಣ್ಣ? ಎಲ್ರಿಗೂ ರಜಾನೇ ಅಲ್ವಾ," ಅಂದ ಮೋಹನ್.

"ಓಡಿಸೋನು ನಾನು."

ಅನು ಅಷ್ಟು ಹೊತ್ತೂ ತನ್ನ ಹಾಸಿಗೆಯ ಮೇಲೆ ಕೂತು ಮುಂದಿನ ಗೋಡೆಯನ್ನೇ ನೋಡುತ್ತಿದ್ದಳು. ಅಡಿಯಿಂದ ಸೂರಿನವರೆಗೂ ಪ್ಲೈವುಡ್ಡು, ಅದರ ತುಂಬ ಸಾಮಾನಿಡುವ ಗೂಡುಗಳು. ಮೊದಲಿನ ಹಲಗೆ ಗೋಡೆ ಕಿತ್ತು ಆ ಜಾಗಕ್ಕೆ ಇದನ್ನು ನಿಲ್ಲಿಸಿದ್ದ, ಅಂಗೈ ಅಗಲದ ಕಿಟಕಿಯೂ ಹೋಗಿತ್ತು.

"ಅಪ್ಪ, ಇದರಾಚೆ ನೀನಿರ್ತೀಯಾ?"

"ಹೂಂ. ಅದು ಕ್ಯಾಬಿನ್ನು."

"ಇಲ್ಲಿಂದ ಅಲ್ಲಿಗೆ ಬರೋದು ಹೆಂಗೆ?"

"ಯಾಕೆ ಬರ್ಬೇಕು? ಏನಾದ್ರೂ ಬೇಕಿದ್ರೆ ಫೋನ್ ಮಾಡಿ, ನಿಲ್ಲಿಸ್ತೀನಿ."

ಅವಳು ಹಾಸಿಗೆಗಳ ಮೇಲೆ ಕಣ್ಣಾಡಿಸಿದಳು. "ನಿನ್ನ ಹಾಸಿಗೆ ಎಲ್ಲಿ?"

ಚನ್ನಕೇಶವನೂ ಹಾಸಿಗೆಗಳತ್ತ ನೋಡಿದ. ಇಷ್ಟು ತಿಂಗಳು ಹಗಲೂ ರಾತ್ರಿ ಅದೇ ಗಾಡಿಯೊಳಗೆ ಓಡಾಡಿದವನಿಗೆ, ಅಳೆದವನಿಗೆ, ಈ ಪ್ರಶ್ನೆ ಒಂದು ಸಲವೂ ಬಂದಿರಲಿಲ್ಲ.

"ಡ್ರೈವರು ಸೀಟಲ್ಲೇ ಮಲಗೋದು ಕಣಮ್ಮ," ಅಂದ ಕೊನೆಗೆ.

ಮಾತು ಹಗುರಾಗಲಿ ಅಂತಲೇ ಇರಬೇಕು, ಮೋಹನ್ ನಕ್ಕ. "ಹಂಗಾದ್ರೆ ಡ್ರೈವರ್ ಬಾಟಾ, ಊಟದ ದುಡ್ಡು, ದಿನಕ್ಕೆ ಎಷ್ಟು ಕೊಡ್ಬೇಕು ಅಣ್ಣ? ಈಗ್ಲೇ ಮಾತಾಡ್ಕೊಳೋಣ."

ಬೇರೆ ದಿನವಾಗಿದ್ದರೆ ಅವನೂ ನಗುತ್ತಿದ್ದನೋ ಏನೋ. ಈಗ ಪಿತ್ತ ನೆತ್ತಿಗೇರಿತು. ತಾನು ಸಿಕ್ಕಿಬಿದ್ದೆ ಅಂತ ಗೊತ್ತಾದಾಗ ಬರುವ ಸಿಟ್ಟು ಎಲ್ಲಕ್ಕಿಂತ ಕೆಟ್ಟದ್ದು, ಅದಕ್ಕೆ ಹಿಂದೆ ಮುಂದೆ ತಿಳಿಯುವುದಿಲ್ಲ.

"ಇಳೀರಿ," ಅಂದ. "ಎಲ್ರೂ ಇಳೀರಿ ಕೆಳಗೆ. ಆಡ್ಕೊಳೋಕೆ ಬಂದಿದೀರಾ? ಬೆವರು ಸುರ್ಸಿ ಮಾಡಿಟ್ಟಿದೀನಿ, ಬಂದು ಕೂತ್ಕೊಂಡು ಹುಳುಕು ಹುಡುಕ್ತೀರಾ? ನಿನ್ನ ಕರೆದಿದ್ದೇ ತಪ್ಪು ಕಣೋ ಮೋಹನ. ಇಳಿ."

ಮೋಹನ್ ಪುರಿಯ ತಟ್ಟೆಯನ್ನು ಮೆಲ್ಲಗೆ ಸಿಂಕಿನ ಪಕ್ಕ ಇಟ್ಟ. ಲತಾ ಎಳೆದಿದ್ದ ಪರದೆಯನ್ನು ಮೊದಲಿದ್ದ ಹಾಗೇ ಸರಿಸಿಟ್ಟು ಇಳಿದಳು. ಅವರಿಬ್ಬರೂ ಸಂಜೆಯ ಕಾಫಿಗೂ ನಿಲ್ಲದೆ ಮೆಟ್ರೋ ಹತ್ತಿ ಹೋದರು. ಕೊನೆಗೆ ಇಳಿದವಳು ಅನು.

"ನಾನೂ ಬರಲ್ಲ ಅಪ್ಪ. ನಿನ್ನ ಜೊತೆ ಹೋಗೋಣ ಅಂದಿದ್ದು ನಾನು. ನಿನ್ನ ಗಾಡೀಲಿ ಅಂತಲ್ಲ."

ವಿಜಯದಶಮಿಯ ಬೆಳಿಗ್ಗೆ ಚನ್ನಕೇಶವ ಸ್ನಾನ ಮಾಡಿ, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು, ಸೀಟಿನಲ್ಲಿ ಕೂತ. ಒಂದು ಹಾರನ್ ಹೊಡೆದ. ಬೀದಿಯಲ್ಲಿ ನಾಯಿ ಎದ್ದು ಜಾಗ ಬದಲಿಸಿತು. ಎರಡನೆಯದು ಹೊಡೆದ. ಬಾಗಿಲು ತೆರೆದು ವಿಮಲ ಬಂದಳು, ಮನೆಯಲ್ಲುಡುವ ಸೀರೆಯಲ್ಲೇ, ಕೈಯಲ್ಲಿ ಡಬ್ಬಿ ಹಿಡಿದು.

"ಚಿತ್ರಾನ್ನ ಇದೆ. ದಾರೀಲಿ ತಿನ್ನಿ."

"ನೀನು ಹತ್ತಲ್ವಾ?"

"ಅವಳೊಬ್ಬಳನ್ನೇ ಹೆಂಗೆ ಬಿಟ್ಟು ಬರ್ಲಿ? ನೀವೂ ಹೋಗ್ಲೇಬೇಕು ಅಂತೇನಿಲ್ಲ ಕಣ್ರೀ. ಇಳಿದು ಬನ್ನಿ, ಕಾಫಿ ಮಾಡ್ತೀನಿ."

ಇಳಿಯಬಹುದಿತ್ತು. ಇಳಿದು ಒಳಗೆ ಹೋಗಿ ಮಗಳ ಎದುರು ಒಂದು ಮಾತು ಆಡಿದ್ದರೆ ಮುಗಿಯುತ್ತಿತ್ತು. ಆ ಮಾತು ಯಾವುದು ಅಂತಲೂ ಅವನಿಗೆ ಗೊತ್ತಿತ್ತು. ಆದರೆ ಹೊರಡುತ್ತೇನೆ ಅಂದ ಗಾಡಿಯನ್ನು ನಿಲ್ಲಿಸಿ ಅವನಿಗೆ ಅಭ್ಯಾಸವಿರಲಿಲ್ಲ. ಮೂರನೇ ಹಾರನ್ ಹೊಡೆದ. ನಿಂಬೆಹಣ್ಣು ಚಪ್ಪಟೆಯಾದದ್ದು ಕೇಳಿಸಿತು.

ನೈಸ್ ರಸ್ತೆ ಹಿಡಿದು, ಊರು ದಾಟಿ, ಬಾಗೇಪಲ್ಲಿ ಕಳೆಯುತ್ತಿದ್ದಂತೆ ನೆಲದ ಬಣ್ಣ ಬದಲಾಯಿತು. ಕದಿರಿಯಾಚೆ ಬರೀ ಬಂಡೆ, ಜಾಲಿ, ಬಿಸಿಲು. ಅಭ್ಯಾಸಬಲದಿಂದ ಆಗಾಗ ತಲೆಯ ಮೇಲಿನ ಕನ್ನಡಿ ನೋಡುತ್ತಿದ್ದ. ಅದರಲ್ಲಿ ಪ್ಲೈವುಡ್ಡು ಕಾಣುತ್ತಿತ್ತು. ತಿರುವಿನಲ್ಲಿ ಒಳಗೆ ಯಾವುದೋ ಪಾತ್ರೆ ಉರುಳಿದ ಸದ್ದಾದರೆ ಗಾಡಿ ನಿಧಾನ ಮಾಡುತ್ತಿದ್ದ, ಯಾರಿಗಾದರೂ ತಲೆ ತಾಗೀತು ಅನ್ನುವ ಹಾಗೆ. ಚಿತ್ರಾನ್ನವನ್ನು ಹುಣಸೆಮರದ ಕೆಳಗೆ ನಿಂತು ತಿಂದ. ಡಬ್ಬಿಯಲ್ಲಿ ಇಬ್ಬರಿಗಾಗುವಷ್ಟು ಇತ್ತು.

ಸಂಜೆ ಗಂಡಿಕೋಟ ಸೇರಿದಾಗ ಗಾಡಿಗಳು ನಿಲ್ಲುವ ಜಾಗದಲ್ಲಿ ಕರ್ನಾಟಕದ ಇನ್ನೊಂದು ಟೆಂಪೋ ಟ್ರಾವೆಲರ್ ನಿಂತಿತ್ತು. ಅದರ ಡ್ರೈವರು ಬೋರ್ಡು ನೋಡಿ ಹತ್ತಿರ ಬಂದ.

"ಬೆಂಗ್ಳೂರಾ ಅಣ್ಣ? ನಾನು ಬೈರಯ್ಯ, ಮಾಗಡಿ ರೋಡು. ಗಾಡಿ ಭರ್ಜರಿ ಮಾಡ್ಸಿದೀರ. ಪಾರ್ಟಿ ಎಲ್ಲಿ, ಕಂದರ ನೋಡೋಕೆ ಹೋದ್ರಾ?"

ಚನ್ನಕೇಶವ ಹಿಂಬಾಗಿಲ ಕಡೆ ನೋಡಿದ. "ಒಳಗೆ ಮಲಗವ್ರೆ. ಪ್ರಯಾಣ ಆಯಾಸ."

"ಪುಣ್ಯ ಮಾಡಿದೀರ. ಸದ್ದೇ ಇಲ್ಲ. ನನ್ನ ಪಾರ್ಟಿ ತಲೆ ತಿಂದಾಕ್ಬಿಟ್ರು."

ಚನ್ನಕೇಶವ ಒಬ್ಬನೇ ಕೋಟೆಯ ಹಿಂದಕ್ಕೆ ನಡೆದು ಹೋದ. ಇಷ್ಟು ಸಲ ಬಂದರೂ ಅಂಚಿನವರೆಗೆ ಹೋದದ್ದು ಇದೇ ಮೊದಲು. ಯಾವಾಗಲೂ ಗಾಡಿ ಕಾಯುತ್ತಿದ್ದ. ಕೆಂಪು ಬಂಡೆ ಗೋಡೆಯ ಹಾಗೆ ನೇರ ಕೆಳಗಿಳಿದು, ತಳದಲ್ಲಿ ಪೆನ್ನಾರು ನದಿ ಹಸಿರಾಗಿ ಮಲಗಿತ್ತು. ಎದುರು ದಡದ ಬಂಡೆಗಳ ಮೇಲೆ ಇನ್ನೂ ಬಿಸಿಲು. ಯಾರದೋ ಮಕ್ಕಳು ಕೂಗು ಹಾಕಿ, ಅದು ಆಚೆ ಗೋಡೆಗೆ ಬಡಿದು ವಾಪಸು ಬರುವುದನ್ನು ಕೇಳಿ ನಗುತ್ತಿದ್ದರು. ಜೀವನವಿಡೀ ಕೂಗಿದವನಿಗೆ ಅಲ್ಲಿ ನಿಂತು ಒಂದು ಸಣ್ಣ ಕೂಗೂ ಹಾಕಲಾಗಲಿಲ್ಲ.

ಮಾರನೇ ಬೆಳಿಗ್ಗೆ ಅನು ಫೋನು ಮಾಡಿದಳು.

"ತಲುಪಿದ್ಯಾ ಅಪ್ಪ?"

"ಹೂಂ. ಕೆಂಪಗಿದೆ. ನೀನು ತೋರಿಸಿದ್ಯಲ್ಲ, ಹಂಗೇ ಇದೆ."

"ಎಲ್ಲಿ ಮಲಗಿದ್ದೆ?"

"ಸೀಟಲ್ಲಿ."

"ಅಷ್ಟೊಂದು ಹಾಸಿಗೆ ಇತ್ತಲ್ಲಪ್ಪ."

"ಅವು ನಿಮ್ಮವು."

"ನಂಗೆ ಕ್ಲಿನಿಕ್ಕಿಗೆ ಹೊತ್ತಾಯ್ತು," ಅಂದಳು. "ಹುಷಾರಾಗಿ ಬಾ."

ಅವನು ಸೊಂಟ ಹಿಡಿದುಕೊಂಡು ಕೆಳಗಿಳಿದು, ಸುತ್ತಿಕೊಂಡು ಹಿಂಬಾಗಿಲಿಗೆ ಬಂದು, ಚಪ್ಪಲಿ ಬಿಟ್ಟು ಒಳಗೆ ಹತ್ತಿದ. ಅನುವಿನ ಹಾಸಿಗೆಯ ಮೇಲೆ ಮಲಗಿ ನೋಡಿದ. ಅವಳ ಉದ್ದಕ್ಕೆ ಮಾಡಿಸಿದ್ದು, ಇವನ ಕಾಲು ಹೊರಗೆ ಚಾಚಿಕೊಂಡಿತು. ಎದ್ದು ಕೂತ. ಎದುರಿಗೆ ಆ ಗೋಡೆ. ಅಮೆರಿಕದ ಆ ವಿಡಿಯೋದಲ್ಲಿ ಹೆಂಗಸು ಒಲೆಯಿಂದ ಗಂಡನ ಹತ್ತಿರಕ್ಕೆ ನಡೆದು ಹೋಗಿದ್ದಳು. ಒಲೆ ನೋಡಿದ್ದ, ಪರದೆ ನೋಡಿದ್ದ, ಅವಳು ನಡೆದ ದಾರಿಯನ್ನು ನೋಡಿಯೇ ಇರಲಿಲ್ಲ.

ಬೈರಯ್ಯನ ಹತ್ತಿರ ಹೋಗಿ ಸ್ಕ್ರೂಡ್ರೈವರ್ ಕೇಳಿದ. ಬೈರಯ್ಯ ಅದನ್ನು ಹಿಡಿದು ಜೊತೆಗೇ ಬಂದವನು, ತೆರೆದ ಬಾಗಿಲಿನಿಂದ ಒಳಗೆ ಇಣುಕಿ, ಖಾಲಿ ಹಾಸಿಗೆಗಳನ್ನು ನೋಡಿದ.

"ಪಾರ್ಟಿ ಎದ್ದು ಹೋದ್ರಾ ಅಣ್ಣ?"

"ಪಾರ್ಟಿ ಇಲ್ಲ ಕಣಯ್ಯ. ಮನೆಯೋರು ಬರ್ಬೇಕಿತ್ತು. ಬರ್ಲಿಲ್ಲ."

ಚನ್ನಕೇಶವ ಆ ಗೋಡೆಯ ತಿರುಪಿಗೆ ಕೈ ಹಾಕಿದ, ಬೈರಯ್ಯ ಹಲಗೆಯ ಒಂದು ತುದಿ ಹಿಡಿದುಕೊಂಡ. ಮುನಿವೆಂಕಟಪ್ಪ ಬಿಗಿದಿದ್ದ ತಿರುಪುಗಳು ಸುಲಭಕ್ಕೆ ಬರಲಿಲ್ಲ. ನಡುವಿನ ಹಲಗೆ ಕಳಚಿದಾಗ ಮುಂದಿನ ಗಾಜಿನಿಂದ ಬೆಳಕು ಅನುವಿನ ಹಾಸಿಗೆಯವರೆಗೂ ಬಂತು. ಆ ಕಂಡಿಯಲ್ಲಿ ಡ್ರೈವರ್ ಸೀಟಿನ ಬೆನ್ನು ಕಾಣಿಸಿತು, ಎಣ್ಣೆಜಿಡ್ಡು ಹಿಡಿದದ್ದು, ಒಂದು ಪಕ್ಕಕ್ಕೆ ಕುಸಿದದ್ದು.

ಬೈರಯ್ಯ ಹೋಗಿ ಗೂಡಂಗಡಿಯಿಂದ ಟೀ ತಂದುಕೊಟ್ಟ. ಚನ್ನಕೇಶವ ಲೋಟ ಹಿಡಿದು, ಒಲೆಯ ಹತ್ತಿರ ನಿಂತು, ಕಂಡಿಯಲ್ಲಿ ಕೈ ಚಾಚಿದ. ಸೀಟಿನ ತೋಳಿನವರೆಗೆ ಕೈ ಸಲೀಸಾಗಿ ಹೋಯಿತು. ಖಾಲಿ ಸೀಟಿನ ಪಕ್ಕ ಲೋಟವನ್ನು ಹಾಗೇ ಹಿಡಿದು ನಿಂತ, ಟೀ ಆರುವವರೆಗೆ.