ಒಂದೂವರೆ ಅಡಿ ಮುಂದಿನ ಗೆರೆ

ಕಳೆದ ತಿಂಗಳು ಒಂದು ಬೆಳಗ್ಗೆ ಹಾಲು ತರಲು ಹೋಗಿದ್ದೆ. ಬಸವೇಶ್ವರನಗರದಲ್ಲಿ ನಮ್ಮ ಮನೆಯ ಹಿಂದಿರುವ ಶಾಲೆಯಲ್ಲಿ ಕ್ರೀಡಾದಿನಕ್ಕೆಂದು ಮೈದಾನಕ್ಕೆ ಗೆರೆ ಎಳೆಯುತ್ತಿದ್ದರು. ಪಿ.ಟಿ. ಮೇಷ್ಟ್ರು ಬಕೆಟ್ಟಿನಿಂದ ಸುಣ್ಣದ ಪುಡಿ ತೆಗೆದು ಹಗ್ಗದ ಗುಂಟ ಉದುರಿಸುತ್ತಿದ್ದರು. ಗಾಳಿ ಈಚೆ ಬೀಸಿತು. ಒಣ ಸುಣ್ಣದ ಘಾಟು ಮೂಗಿಗೆ ಹೊಡೆದದ್ದೇ ಪ್ಯಾಕೆಟ್ ಹಿಡಿದುಕೊಂಡು ಕಾಂಪೌಂಡಿನ ಪಕ್ಕ ನಿಂತುಬಿಟ್ಟೆ.

"ಏನ್ ಸಾರ್, ಯಾರಾದ್ರೂ ಬೇಕಿತ್ತಾ?" ಎಂದರು ಮೇಷ್ಟ್ರು.

"ಇಲ್ಲ. ಗೆರೆ ನೇರ ಇದೆ" ಎಂದೆ. ಅವರು ನನ್ನನ್ನು ಒಂದು ಥರಾ ನೋಡಿದರು. ತಪ್ಪೇನಿಲ್ಲ. ಗೆರೆ ನೇರವಿದೆಯೋ ಇಲ್ಲವೋ ಎಂದು ಹೇಳುವ ಯೋಗ್ಯತೆ ಈ ಊರಿನಲ್ಲಿ ಯಾರಿಗೆ ಇದ್ದರೂ ನನಗಿಲ್ಲ. ಯಾಕೆಂದು ಹೇಳುತ್ತೇನೆ, ಸ್ವಲ್ಪ ಸುತ್ತಿ ಬರಬೇಕಾಗುತ್ತದೆ, ಜೊತೆಗಿರಿ.

ಮೂವತ್ತು ವರ್ಷಗಳ ಹಿಂದೆ ನಮ್ಮ ಕ್ರಾಸಿನ ಹುಡುಗರೆಲ್ಲ ಸೇರಿ ಒಂದು ಫುಟ್ಬಾಲ್ ಕ್ಲಬ್ ಕಟ್ಟಿದೆವು. ಆಟದ ಮೇಲಿನ ಪ್ರೀತಿಯಿಂದ ಎಂದು ಬರೆದರೆ ಚೆನ್ನಾಗಿರುತ್ತದೆ. ನಿಜ ಏನೆಂದರೆ ಕ್ರಿಕೆಟ್ ಆಡುವವರು ನಮ್ಮನ್ನು ಸೇರಿಸಿಕೊಳ್ಳಲಿಲ್ಲ. ಮೈದಾನದ ಒಳ್ಳೆಯ ಅರ್ಧ ಅವರದು, ತಗ್ಗಿನ ಅರ್ಧ ನಮ್ಮದು. ನಮ್ಮ ಟೈಲರ್ ಯಾವುದೋ ಕಲ್ಯಾಣ ಮಂಟಪಕ್ಕೆ ಪರದೆ ಹೊಲಿದು ಮಿಕ್ಕಿದ್ದ ಹಳದಿ ಬಟ್ಟೆಯಲ್ಲಿ ಜೆರ್ಸಿ ಹೊಲಿದುಕೊಟ್ಟಿದ್ದರು. ಬೆವರಿದರೆ ಬಣ್ಣ ಬಿಡುತ್ತಿತ್ತು. ಪಂದ್ಯ ಮುಗಿಸಿ ಬರುವ ನಮ್ಮವರನ್ನು ಕಂಡು ಕಾಮಾಲೆ ಎಂದು ಗಾಬರಿಯಾದ ತಾಯಂದಿರಿದ್ದಾರೆ.

ಕ್ಲಬ್ಬಿನಲ್ಲಿದ್ದದ್ದು ಹನ್ನೆರಡು ಜನ. ಆಡುವವರು ಹನ್ನೊಂದು. ಅಂಥ ಕ್ಲಬ್ಬಿನಲ್ಲಿ ಪ್ರತಿ ಸಲವೂ ಹನ್ನೆರಡನೆಯವನಾಗಿ ಉಳಿಯುವುದಕ್ಕೆ ಎಂಥ ಪ್ರತಿಭೆ ಬೇಕು, ನೀವೇ ಯೋಚಿಸಿ. ನಮ್ಮ ನಾಯಕ ಪ್ರಕಾಶ ಬೇಜಾರು ಮಾಡುವವನಲ್ಲ. ಹೆಗಲ ಮೇಲೆ ಕೈ ಹಾಕಿ, "ನೀನು ಇಳಿದ್ರೆ ಅವರ ಕಡೆ ಒಬ್ಬ ಜಾಸ್ತಿ ಆಗ್ತಾನೆ ಕಣೋ" ಎಂದು ಪ್ರೀತಿಯಿಂದ ಹೇಳುತ್ತಿದ್ದ. ಆಡದವನು ಗೆರೆ ಎಳೆಯಬೇಕು ಎಂಬುದು ನಮ್ಮಲ್ಲಿ ನಿಯಮವಾಗಿತ್ತು. ಹಾಗಾಗಿ ಗೂಟ, ಹಗ್ಗ, ಸುಣ್ಣದ ಬಕೆಟ್ಟು ನನ್ನ ಪಾಲಿಗೆ ಬಂದವು. ನಾನು ಆ ಕೆಲಸವನ್ನು ಬಹಳ ಗಂಭೀರವಾಗಿ ತೆಗೆದುಕೊಂಡಿದ್ದೆ. ತೆಗೆದುಕೊಳ್ಳಲು ಬೇರೇನೂ ಇರಲಿಲ್ಲ.

ನಮ್ಮ ಕ್ಲಬ್ ಇಷ್ಟು ವರ್ಷಗಳಲ್ಲಿ ಗೆದ್ದದ್ದು ಒಂದೇ ಕಪ್ಪು. ಈಗ ಪ್ರಕಾಶನ ತಲೆ ಪೂರ್ತಿ ಬೆಳ್ಳಗಾಗಿದೆ, ಒಂದು ಸ್ಮರಣ ಸಂಚಿಕೆ ತರಬೇಕೆಂದು ಹೊರಟಿದ್ದಾನೆ. "ನಾವೆಲ್ಲ ಆಡ್ತಾ ಇದ್ವಿ, ಏನೂ ಕಾಣಿಸ್ತಿರಲಿಲ್ಲ. ನೀನೊಬ್ಬನೇ ಎಲ್ಲಾ ನೋಡಿರೋನು. ಕ್ಲಬ್ಬಿನ ಚರಿತ್ರೆ ನೀನೇ ಬರಿ ಮಗಾ" ಎಂದ. ಅವನು ಹೇಳಿದ್ದು ಸರಿ. ನಾನು ಎಲ್ಲವನ್ನೂ ನೋಡಿದ್ದೆ. ತೊಂದರೆ ಇದ್ದದ್ದೇ ಅಲ್ಲಿ.

ಆ ಕಪ್ಪು ಗೆದ್ದ ದಿನ ನಡೆದದ್ದನ್ನು ನಿಧಾನವಾಗಿ, ಹೆಚ್ಚು ಕಡಿಮೆ ಮಾಡದೆ ಹೇಳುತ್ತೇನೆ. ಫೈನಲ್ ಲಗ್ಗೆರೆಯ ತಂಡದ ಮೇಲೆ, ಮಧ್ಯಾಹ್ನ ಮೂರಕ್ಕೆ. ಹಿಂದಿನ ದಿನ ಮಳೆಯಾಗಿತ್ತು. ನಾನು ಬೆಳಗ್ಗೆ ಏಳಕ್ಕೆ ಹೋದಾಗ ದಕ್ಷಿಣದ ಗೋಲು ಕಂಬಗಳ ನಡುವೆ ನೀರು ನಿಂತಿತ್ತು. ನೀರಿನಲ್ಲಿ ಸುಣ್ಣ ನಿಲ್ಲುವುದಿಲ್ಲ. ಅದಕ್ಕೆ ಕಂಬಗಳ ನಡುವೆ ಎಳೆಯಬೇಕಾದ ಗೆರೆಯನ್ನು ಒಂದೂವರೆ ಅಡಿ ಮುಂದಕ್ಕೆ, ಒಣ ನೆಲದಲ್ಲಿ ಎಳೆದೆ. ನೀರು ಆರಿದ ಮೇಲೆ ಸರಿಮಾಡೋಣ, ಇಲ್ಲದಿದ್ದರೆ ರೆಫರಿಗೆ ಹೇಳೋಣ ಎಂದುಕೊಂಡೆ. ಆಮೇಲೆ ಇಡ್ಲಿ ತಿನ್ನಲು ಹೋದೆ. ಮಧ್ಯಾಹ್ನದ ಹೊತ್ತಿಗೆ ನೀರು ಆರಿತ್ತು. ಗೆರೆ ಹಾಗೇ ಇತ್ತು. ನನಗೆ ಮರೆತಿತ್ತು.

ಪಂದ್ಯ ಮುಗಿಯಲು ಸ್ವಲ್ಪವೇ ಹೊತ್ತಿತ್ತು, ಎರಡೂ ಕಡೆ ಸೊನ್ನೆ. ಪ್ರಕಾಶ ಚೆಂಡು ಹೊಡೆದ. ಲಗ್ಗೆರೆಯ ಗೋಲ್‌ಕೀಪರ್ ಮುನಿರಾಜು ಎಂಬವರು. ನಮಗಿಂತ ಐದಾರು ವರ್ಷ ದೊಡ್ಡವರು, ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೇತ್ ಕೆಲಸ. ಅವರು ಎಡಕ್ಕೆ ಹಾರಿ ಚೆಂಡನ್ನು ಎದೆಗೆ ಅವುಚಿ ಹಿಡಿದು ಬಿದ್ದರು. ಬಿದ್ದದ್ದು ನನ್ನ ಗೆರೆಗೂ ಕಂಬಕ್ಕೂ ನಡುವೆ. ದೂರದಲ್ಲಿದ್ದ ರೆಫರಿ ಗೆರೆ ನೋಡಿ ಗೋಲು ಎಂದು ಸೀಟಿ ಊದಿದರು.

ಮುನಿರಾಜು ಎದ್ದು, "ಸಾರ್, ಗೆರೆ ನೋಡ್ಬೇಡಿ, ಕಂಬ ನೋಡಿ. ಗೆರೆ ಮುಂದಕ್ಕಿದೆ" ಎಂದರು. ರೆಫರಿ ಓಡಿ ಬರುವಷ್ಟರಲ್ಲಿ ಇಪ್ಪತ್ತು ಜನ ಅಲ್ಲಿ ಕಿತ್ತಾಡುತ್ತ ಸುಣ್ಣವನ್ನೆಲ್ಲ ತುಳಿದು ಅಳಿಸಿದ್ದರು.

"ಗೆರೆ ಎಳೆದೋರು ಯಾರಪ್ಪ?" ಎಂದರು ರೆಫರಿ.

ನಾನು ಕೈ ಎತ್ತಿದೆ. ಬೆಳಗಿನ ನೀರು ಅಷ್ಟರಲ್ಲಿ ನೆನಪಾಗಿತ್ತು.

"ಸರಿಯಾಗಿ ಎಳೆದಿದ್ಯಾ?"

ನಮ್ಮ ಹನ್ನೊಂದು ಜನ ನನ್ನನ್ನು ನೋಡಿದರು. ಮುನಿರಾಜೂ ನೋಡಿದರು. "ಹೌದು ಸಾರ್" ಎಂದೆ. ಆ ಕ್ಲಬ್ಬಿಗಾಗಿ ನಾನು ಮಾಡಿದ್ದರಲ್ಲಿ ಫಲ ಕೊಟ್ಟ ಒಂದೇ ಕೆಲಸ ಅದು. ಪಂದ್ಯದ ನಂತರ ನಮ್ಮವರು ನನ್ನನ್ನು ಹೆಗಲ ಮೇಲೆ ಎತ್ತಿಕೊಳ್ಳಲಿಲ್ಲ ಎಂದು ನನಗೆ ಬೇಜಾರು ಕೂಡ ಆಗಿತ್ತು. ಎಂಥ ಮನುಷ್ಯ ನಾನು ಎಂದು ಇದರಿಂದ ನಿಮಗೆ ಗೊತ್ತಾಗಬಹುದು.

ಸುಣ್ಣದ ಘಾಟು ಕುಡಿದ ಆ ವಾರವೇ ಚರಿತ್ರೆ ಬರೆಯುವ ನೆಪದಲ್ಲಿ ಲಗ್ಗೆರೆಗೆ ಹೋದೆ. ಟೀ ಅಂಗಡಿಯವನನ್ನು ಮುನಿರಾಜು ಮನೆ ಎಲ್ಲಿ ಎಂದು ಕೇಳಿದೆ.

"ಯಾರು, ಗೆರೆ ಮುನಿರಾಜಣ್ಣನಾ?" ಎಂದ. ಅವನಿಗೆ ಇಪ್ಪತ್ತೈದು ವರ್ಷವಿರಬಹುದು.

"ಗೆರೆ ಅಂತ ಯಾಕೆ?"

"ಗೊತ್ತಿಲ್ಲ ಸಾರ್. ಯಾವುದೋ ಗೋಲ್ ಬಿಟ್ಟು, ಗೆರೆ ಸರಿ ಇರಲಿಲ್ಲ ಅಂತ ಕತೆ ಹೇಳ್ತಿದ್ರಂತೆ. ನಮ್ಮಪ್ಪ ಎಲ್ಲಾ ರೇಗಿಸ್ತಿದ್ರು."

ಅರ್ಧ ಕುಡಿದ ಟೀ ಲೋಟ ಕೈಯಲ್ಲಿತ್ತು. ಲೋಟವನ್ನು ಕಲ್ಲಿನ ಮೇಲೆ ಇಟ್ಟೆ. ನಾನು ಮರೆತ ಆ ಒಂದೂವರೆ ಅಡಿ ಇಷ್ಟು ವರ್ಷ ಇನ್ನೊಬ್ಬರ ಹೆಸರಿನ ಮುಂದೆ ನಿಂತಿತ್ತು.

ಮುನಿರಾಜು ಮೊದಲನೆ ಮಹಡಿಯಲ್ಲಿ ಪೇಪರ್ ಓದುತ್ತ ಕೂತಿದ್ದರು. ನನ್ನ ಗುರುತು ಹತ್ತಲಿಲ್ಲ. ಗೆರೆ ಎಳೆದವನು ನಾನು ಎಂದೆ. ನೀರು, ಸುಣ್ಣ, ಇಡ್ಲಿ, ಎಲ್ಲವನ್ನೂ ಹೇಳಿದೆ. ಬೈಯುತ್ತಾರೆ ಎಂದುಕೊಂಡು ಚಪ್ಪಲಿಯನ್ನು ಬಾಗಿಲ ಹತ್ತಿರವೇ ಬಿಟ್ಟಿದ್ದೆ. ಅವರು ಪೇಪರನ್ನು ನಾಲ್ಕು ಮಡಿಕೆ ಮಡಚಿದರು.

"ಗೋಲ್ ಅಲ್ಲ ಅಂತ ನಂಗೆ ಅವತ್ತೇ ಗೊತ್ತಿತ್ತು ಸಾರ್. ಇನ್ನೊಬ್ರಿಗೂ ಗೊತ್ತಿತ್ತು ಅನ್ನೋದು ಗೊತ್ತಿರಲಿಲ್ಲ" ಎಂದರು. ಅಡುಗೆಮನೆಯ ಕಡೆ ತಿರುಗಿ, "ಲೇ, ಬಾರೇ ಇಲ್ಲಿ" ಎಂದು ಹೆಂಡತಿಯನ್ನು ಕರೆದರು. ನನ್ನ ಕಡೆ ನೋಡಿ, "ಇನ್ನೊಂದ್ಸಲ ಹೇಳಿ" ಎಂದರು.

ಹೇಳಿದೆ. ಆಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತು ಪೂರ್ತಿ ಕೇಳಿ, "ನಾನೂ ನಂಬಿರಲಿಲ್ಲ ಕಣ್ರೀ" ಎಂದರು. ಆಮೇಲೆ ಊಟಕ್ಕೆ ಬಂದಿದ್ದ ಅಳಿಯನಿಗೆ ಹೇಳಿದೆ. ಆಮೇಲೆ ಮುನಿರಾಜು ತಮ್ಮ ತಂಡದ ಹಳೆಯ ಬ್ಯಾಕ್ ಆಟಗಾರನಿಗೆ ಫೋನ್ ಹಚ್ಚಿ, ಸ್ಪೀಕರ್ ಮಾಡಿ, ನನ್ನ ಮುಂದೆ ಹಿಡಿದರು. ಅವರಿಗೂ ಹೇಳಿದೆ. "ಕೀಪರ್ ಬದಲಾಯಿಸಿ ಅಂದೋನು ನಾನೇ" ಎಂದರು ಆ ಕಡೆಯಿಂದ. ಮೆಟ್ಟಿಲಿಳಿದ ಮೇಲೆ ಬಾಡಿಗೆ ಮನೆಯವರಿಗೂ ಒಂದು ಸಲ ಹೇಳಬೇಕಾಯಿತು. ಅಷ್ಟು ಹೊತ್ತಿಗೆ ನನಗೆ ಅಭ್ಯಾಸವಾಗಿ, ಇಡ್ಲಿಯ ಭಾಗ ಬಂದಾಗ ಕೇಳುವವರು ನಗುತ್ತಿದ್ದರು.

ಆರನೆಯ ಸಲ ಹೇಳಿದ್ದು ಪ್ರಕಾಶನಿಗೆ. ಅವನು ನಗಲಿಲ್ಲ. "ಇರೋದೇ ಒಂದು ಕಪ್ಪು ಮಗಾ. ಅದನ್ನೂ ಕಿತ್ಕೊಂಡ್ರೆ ಸಂಚಿಕೆಲಿ ಏನ್ ಹಾಕೋದು?" ಎಂದ. ಫೋಟೋಗಳನ್ನು ದೊಡ್ಡದು ಮಾಡು ಎಂದೆ. ಚರಿತ್ರೆಯನ್ನು ಬೇರೆ ಯಾರ ಹತ್ತಿರವೋ ಬರೆಸುತ್ತಾನಂತೆ. ಮೂವತ್ತು ವರ್ಷಗಳ ನಂತರವೂ ತಂಡದಲ್ಲಿ ನನಗೆ ಜಾಗ ಸಿಗಲಿಲ್ಲ.

ಹಾಗಾಗಿ ಏಳನೆಯ ಸಲ ನಿಮಗೆ ಹೇಳುತ್ತಿದ್ದೇನೆ. ಗೆರೆ ಎಳೆದವನು ನಾನು. ಅದು ಕಂಬಕ್ಕಿಂತ ಒಂದೂವರೆ ಅಡಿ ಮುಂದಿತ್ತು. ಮುನಿರಾಜು ಚೆಂಡು ಹಿಡಿದಿದ್ದರು.